ಗ್ಯಾರೇಜ್ ಪ್ರಶ್ನೋತ್ತರ: ಅಂಬಾಸಿಡರ್ ಪಂಪ್ ಅಂದರೆ ಒಂದೇನಾ?

ಪ್ರಶ್ನೆ: ನಮ್ಮ ತಂದೆಯವರ 1971ರ ಅಂಬಾಸಿಡರ್ ಮಾರ್ಕ್ 2 ಹನ್ನೊಂದು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಈಗ ಮತ್ತೆ ಓಡಿಸುವ ಆಸೆ. ಎಂಜಿನ್ ತಣ್ಣಗಿಡಲು ನೀರು ತಿರುಗಿಸುವ ವಾಟರ್ ಪಂಪ್ ಜಾಮ್ ಆಗಿತ್ತು. ಅಂಗಡಿಯವರು ‘ಅಂಬಾಸಿಡರ್ ಪಂಪ್ ಅಂದ್ರೆ ಒಂದೇ ಸಾರ್’ ಎಂದು ಹೊಸದು ಕೊಟ್ಟರು. ಬೋಲ್ಟ್ ತೂತುಗಳು ಸರಿಯಾಗಿ ಕೂತವು. ಆದರೆ ಬೆಲ್ಟ್ ಓರೆಯಾಗಿ ಓಡುತ್ತದೆ, ಫ್ಯಾನಿಗೂ ರೇಡಿಯೇಟರಿಗೂ ಮಧ್ಯೆ ಬೆರಳು ತೂರುವುದಿಲ್ಲ. ಮೆಕ್ಯಾನಿಕ್ ವಾಷರ್ ಹಾಕಿ ಸರಿ ಮಾಡುತ್ತೇನೆ ಎನ್ನುತ್ತಾನೆ. ಇಂಗ್ಲೆಂಡಿನಲ್ಲಿರುವ ಅಳಿಯ ಅಲ್ಲಿನ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿನ ಪಂಪ್ ಕಳಿಸುತ್ತೇನೆ, ಅದೇ ಎಂಜಿನ್ ಎನ್ನುತ್ತಾನೆ. ಯಾರ ಮಾತು ಕೇಳಲಿ?
— ಓದುಗರು, ತೀರ್ಥಹಳ್ಳಿ

ಉತ್ತರ: ಮೊದಲು ಒಂದು ಮಾತು. ಆ ಹಳೆ ಪಂಪನ್ನು ಗುಜರಿಗೆ ಹಾಕಿಲ್ಲ ತಾನೆ? ಹಾಕಿದ್ದರೆ ಈ ಪುಟ ಇಲ್ಲೇ ಬಿಟ್ಟು ಓಡಿ, ವಾಪಸ್ ತನ್ನಿ. ಅದು ಎಷ್ಟೇ ತುಕ್ಕು ಹಿಡಿದಿರಲಿ, ನಿಮ್ಮ ಕಾರಿಗೆ ಯಾವ ಪಂಪ್ ಬೇಕು ಅಂತ ಹೇಳೋ ಸಾಕ್ಷಿ ಅದೊಂದೇ.

ವಾಷರ್ ವಿಚಾರ ಬಿಟ್ಟುಬಿಡಿ. ನೀವು ಕಳಿಸಿದ ಫೋಟೋದಲ್ಲಿ ಹೊಸ ಪಂಪಿನ ಮೂತಿ, ಅಂದರೆ ಫ್ಯಾನಿನ ಕಡೆ ಚಾಚಿದ ಭಾಗ, ಉದ್ದ ಇದೆ. ಹಾಗಾಗಿ ಫ್ಯಾನು ಮುಂದೆ ಬಂದಿದೆ. ಪಂಪಿನ ಹಿಂದೆ ವಾಷರ್ ಇಟ್ಟರೂ, ಫ್ಯಾನಿನ ಹಿಂದೆ ಇಟ್ಟರೂ ಅದು ಇನ್ನೂ ಮುಂದಕ್ಕೇ ಹೋಗುತ್ತದೆ. ಡೈನಮೋಗೆ ವಾಷರ್ ಕೊಟ್ಟು ಮುಂದೆ ತರಬಹುದು, ಆದರೆ ಕೆಳಗಿನ ಕ್ರ್ಯಾಂಕ್ ಪುಲ್ಲಿ ಇದ್ದಲ್ಲೇ ಇರುತ್ತದಲ್ವಾ? ಪಂಪ್, ಡೈನಮೋ, ಕ್ರ್ಯಾಂಕ್, ಮೂರರ ಪುಲ್ಲಿಯೂ ಒಂದೇ ಗೆರೆಯಲ್ಲಿ ಇರಬೇಕು. ಇಲ್ಲದಿದ್ದರೆ ಬೆಲ್ಟ್ ಅಂಚು ಸವೆದು ದಾರವಾಗುತ್ತದೆ.

‘ಅಂಬಾಸಿಡರ್ ಪಂಪ್ ಒಂದೇ’ ಅನ್ನೋದೂ ಸರಿಯಲ್ಲ. ಈ ಕಾರು 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಹೊರಗಿನ ಮೈ ಜಾಸ್ತಿ ಬದಲಾಗಲಿಲ್ಲ, ಬಾನೆಟ್ ಒಳಗೆ ಮಾತ್ರ ಬದಲಾಗುತ್ತಾ ಹೋಯಿತು. ನಿಮ್ಮ ಮಾರ್ಕ್ 2ರಲ್ಲಿ ಇರಬೇಕಾದ್ದು 1489 ಸಿಸಿ ಪೆಟ್ರೋಲ್ ಎಂಜಿನ್. ಆಮೇಲೆ ಡೀಸೆಲ್ ಬಂತು. 90ರ ದಶಕದಲ್ಲಿ 1817 ಸಿಸಿಯ ಇಸುಜು ಎಂಜಿನ್ ಬಂತು, ಅದರ ಜಾತಿಯೇ ಬೇರೆ. ಟ್ಯಾಕ್ಸಿ ಓಡಿಸುವವರು ಪೆಟ್ರೋಲ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿಕೊಂಡ ಗಾಡಿಗಳಂತೂ ಲೆಕ್ಕವಿಲ್ಲ. ಅದಕ್ಕೇ ಆರ್‌ಸಿ ಪುಸ್ತಕ ನಂಬಿ ಪಾರ್ಟ್ ಕೇಳಬೇಡಿ. ಬ್ಲಾಕಿನ ಮೇಲಿನ ಎಂಜಿನ್ ನಂಬರ್ ಒರೆಸಿ, ಬರೆದುಕೊಂಡು ಹೋಗಿ.

ನಿಮ್ಮ ಅಳಿಯ ಹೇಳಿದ್ದು ಅರ್ಧ ನಿಜ. ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೇ ಸರಣಿಯಿಂದ. ಈ 1489 ಸಿಸಿ ಎಂಜಿನ್ ಅಲ್ಲಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಮನೆತನದ್ದು. ಮೊದಲ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇದೇ 1489. ಎಂಜಿಬಿ ಬರುವಷ್ಟರಲ್ಲಿ ಅದು 1798 ಸಿಸಿ ಆಗಿತ್ತು. ಎಂಜಿಬಿ ಕಾರು 1962ರಿಂದ 1980ರವರೆಗೆ ತಯಾರಾಯಿತು. ಆ ಹದಿನೆಂಟು ವರ್ಷದಲ್ಲಿ ಪಂಪಿನ ಮೂತಿ ಒಂದೇ ಉದ್ದ ಇರಲಿಲ್ಲ. ಅಣ್ಣತಮ್ಮಂದಿರ ಚಪ್ಪಲಿ ಇದ್ದ ಹಾಗೆ, ನೋಡೋಕೆ ಒಂದೇ ಥರ, ಹಾಕಿಕೊಂಡರೆ ಗೊತ್ತಾಗುತ್ತದೆ. ಅಳಿಯನಿಗೆ ಕಾರಿನ ಹೆಸರು ಹೇಳಬೇಡಿ, ಅಳತೆ ಕಳಿಸಿ.

ಯಾವ ಅಳತೆ? ಹಳೆ ಪಂಪನ್ನು ಬ್ಲಾಕಿಗೆ ಕೂರುವ ಮುಖ ಕೆಳಗೆ ಮಾಡಿ, ಮಟ್ಟಸವಾದ ಎರಡು ಕಬ್ಬಿಣದ ಪಟ್ಟಿಗಳ ಮೇಲೆ ಇಡಿ. ನೀರು ತಳ್ಳುವ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್, ಪಟ್ಟಿಗಳ ನಡುವೆ ಇಳಿಯಲಿ. ಪಟ್ಟಿಯ ಮೇಲ್ಮೈಯಿಂದ ಫ್ಯಾನ್ ಕೂರುವ ಹಬ್ಬಿನ ಮುಖದವರೆಗೆ ವರ್ನಿಯರ್‌ನಲ್ಲಿ ಅಳೆಯಿರಿ. ಇದೇ ಮುಖ್ಯ ಅಳತೆ. ಇದು ಎರಡು ಮಿಲಿಮೀಟರ್ ತಪ್ಪಿದರೂ ಬೆಲ್ಟ್ ಹೇಳುತ್ತದೆ. ಆಮೇಲೆ ಹಬ್ಬಿನ ನಾಲ್ಕು ತೂತುಗಳ ಅಂತರ, ನಡುವೆ ಉಬ್ಬಿದ ಗುಂಡು ಭಾಗದ (ಬಾಸ್) ದಪ್ಪ, ಹೋಸ್ ಕೂರುವ ಬಾಯಿಯ ಅಗಲ. ಕೊನೆಯದಾಗಿ, ಎಲ್ಲರೂ ಮರೆಯುವಂಥದ್ದು: ಇಂಪೆಲ್ಲರಿನ ಅಗಲ ಮತ್ತು ಅದರ ರೆಕ್ಕೆಗಳ ಎತ್ತರ.

ಮರೆತವರಲ್ಲಿ ನಾನೂ ಒಬ್ಬ. 1986ರಲ್ಲಿ ಉಡುಪಿ ಕಡೆಯ ಒಂದು ಮದುವೆ ದಿಬ್ಬಣದ ಅಂಬಾಸಿಡರಿಗೆ ಪಂಪ್ ಬದಲಾಯಿಸಿ ಕೊಟ್ಟಿದ್ದೆ. ಮೂತಿ ಸರಿ, ಬೆಲ್ಟ್ ಸರಿ, ಹೆಬ್ರಿವರೆಗೂ ಗಾಡಿ ತಣ್ಣಗಿತ್ತು. ಆಗುಂಬೆ ಘಾಟಿಗೆ 14 ತಿರುವು. ನಮ್ಮ ಗಾಡಿ ಆರನೆಯದಕ್ಕೇ ಕುದಿಯಿತು. ಮದುಮಗನ ಸೋದರಮಾವ ಪಂಚೆ ಎತ್ತಿ ಕಟ್ಟಿ ತೊರೆಯಿಂದ ನೀರು ತಂದರು. ಬಿಸಿ ಇರುವಾಗ ಕ್ಯಾಪ್ ತೆಗೆಯಬೇಡಿ ಅಂತ ನಾನು ಬೇಡಿಕೊಂಡೆ, ಅಷ್ಟು ಬುದ್ಧಿ ಇತ್ತು. ಮುಹೂರ್ತ ಹೇಗೋ ಸಿಕ್ಕಿತು. ವಾಪಸ್ ಬಂದು ಬಿಚ್ಚಿದರೆ ಹೊಸ ಪಂಪಿನ ಇಂಪೆಲ್ಲರ್ ಹಳೆಯದಕ್ಕಿಂತ ಚಿಕ್ಕದು. ಬಯಲಲ್ಲಿ ಸಾಕಾಗಿತ್ತು, ಏರಿನಲ್ಲಿ ಸಾಲಲಿಲ್ಲ.

ನಮ್ಮ ಉಸ್ತಾದ್ ಬೈಯಲಿಲ್ಲ. ಹಳೆ ಪಂಪನ್ನು ದಿನಪತ್ರಿಕೆ ಮೇಲಿಟ್ಟು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದರು. ತೂತಿಗೆ ತೂತು, ಇಂಪೆಲ್ಲರಿಗೆ ಒಂದು ವೃತ್ತ, ಪಕ್ಕದಲ್ಲಿ ಮೂತಿಯ ಉದ್ದಕ್ಕೆ ಒಂದು ಗೀಟು. ಹಾಳೆ ಮಡಚಿ ನನ್ನ ಜೇಬಿಗಿಟ್ಟು, ‘ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗು, ಬಾಯಿ ತೆಗೀಬೇಡ, ಇದನ್ನ ತೋರ್ಸು’ ಎಂದರು. ಆ ಹಾಳೆಯ ಮೇಲೆ ನಾಲ್ಕು ಅಂಗಡಿಗಳ ಪಂಪ್ ಇಟ್ಟು ನೋಡಿದೆ. ನಾಲ್ಕನೆಯದು ಗೆರೆಗೆ ಸರಿಯಾಗಿ ಕೂತಿತು. ನೀವೂ ಹಾಗೇ ಮಾಡಿ. ಫೋನಿನ ಫೋಟೋದಲ್ಲಿ ಅಳತೆ ಇರುವುದಿಲ್ಲ.

ಆದರೆ ನನ್ನನ್ನು ಕೇಳಿದರೆ, ಹೊಸ ಪಂಪ್ ಹುಡುಕುವುದಕ್ಕಿಂತ ನಿಮ್ಮದನ್ನೇ ರಿಪೇರಿ ಮಾಡಿಸಿ. ಎರಕದ ಮೈಯಲ್ಲಿ ಬಿರುಕು ಇಲ್ಲದಿದ್ದರೆ ಅದಕ್ಕಿಂತ ಸರಿಯಾಗಿ ಕೂರುವ ಪಂಪ್ ಲೋಕದಲ್ಲೇ ಇಲ್ಲ. ಜಾಮ್ ಆಗಿದೆ ಅಂದರೆ ಸಾಮಾನ್ಯವಾಗಿ ಬೇರಿಂಗ್ ಹೋಗಿರುತ್ತದೆ, ಅಷ್ಟೇ. ಒಳಗೆ ಬೇಕಾದ್ದು ಬೇರಿಂಗ್ ಸಮೇತ ಶಾಫ್ಟ್, ಸೀಲ್, ಒಂದು ಇಂಪೆಲ್ಲರ್. ಹನ್ನೊಂದು ವರ್ಷ ನಿಂತ ನೀರಿನಲ್ಲಿ ನಿಮ್ಮ ಇಂಪೆಲ್ಲರ್ ಇಲಿ ಕಡಿದ ರೊಟ್ಟಿ ಥರ ಆಗಿರಬಹುದು. ಹೊಸ ಪಂಪಿನದನ್ನು ಅಳೆದು ನೋಡಿ, ಒಂದೇ ಅಗಲ ಇದ್ದರೆ ಅದನ್ನೇ ಬಳಸಿ. ದುಡ್ಡು ದಂಡ ಆಗಲಿಲ್ಲ.

ಈ ಕೆಲಸ ಬೇರಿಂಗ್ ಒತ್ತುವ ಪ್ರೆಸ್ ಯಂತ್ರ ಇರುವ ಲೇತ್ ಅಂಗಡಿಯಲ್ಲಿ ಆಗಬೇಕು. ಅಂಗಡಿಯವನು ಸುತ್ತಿಗೆ ಕೈಗೆತ್ತಿಕೊಂಡರೆ ಪಂಪ್ ಕಿತ್ತುಕೊಂಡು ಬನ್ನಿ. ಬಿಚ್ಚುವ ಮೊದಲೇ ಹಬ್ಬಿನ ಅಳತೆ ಬರೆದಿಟ್ಟುಕೊಳ್ಳಿ, ಹೊಸ ಶಾಫ್ಟಿಗೆ ಹಬ್ಬನ್ನು ಅಷ್ಟಕ್ಕೇ ಒತ್ತಬೇಕು. ಇಂಪೆಲ್ಲರಿಗೂ ಪಂಪಿನ ಮೈಗೂ ನಡುವೆ ಸುಮಾರು ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ಸಂದು ಸಾಕು. ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ತೂರಿಸಿ ನೋಡಿ. ಜಾಸ್ತಿ ಸಂದು ಬಿಟ್ಟರೆ ಎಂಜಿನ್ ನಿಧಾನಕ್ಕೆ ಓಡುವಾಗ ನೀರು ಸರಿಯಾಗಿ ತಿರುಗುವುದಿಲ್ಲ. ಬ್ಲಾಕಿನ ಕಡೆಗೂ ತಾಗಬಾರದಲ್ಲ, ಅದಕ್ಕೊಂದು ಉಪಾಯ ಇದೆ. ರೆಕ್ಕೆಗಳ ಮೇಲೆ ಚಪಾತಿ ಹಿಟ್ಟಿನ ಸಣ್ಣ ಉಂಡೆ ಅಂಟಿಸಿ, ಪ್ಯಾಕಿಂಗ್ ಇಟ್ಟು ಪಂಪ್ ಕೂರಿಸಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ ತೆಗೆಯಿರಿ. ಹಿಟ್ಟು ಎಷ್ಟು ದಪ್ಪ ಉಳಿದಿದೆಯೋ ಅಷ್ಟು ಜಾಗ ಇದೆ. ಆಮೇಲೆ ಹಿಟ್ಟನ್ನು ಚೆನ್ನಾಗಿ ಒರೆಸಿ, ಒಳಗೆ ಬಿಡಬೇಡಿ ಮಾರಾಯರೇ.

ಬೋಲ್ಟ್ ಬಗ್ಗೆ ಒಂದು ಎಚ್ಚರಿಕೆ. ಇದು ಇಂಚಿನ ಕಾಲದ ಗಾಡಿ. 5/16 ಇಂಚಿನ ಬೋಲ್ಟಿಗೆ ಅರ್ಧ ಇಂಚಿನ ಸ್ಪ್ಯಾನರ್, ಅಂದರೆ 12.7 ಮಿಲಿಮೀಟರ್. 13ರ ಸ್ಪ್ಯಾನರ್ ಕೂರುತ್ತದೆ, ಆದರೆ ತುಕ್ಕು ಹಿಡಿದ ಬೋಲ್ಟಿನ ಮೂಲೆಗಳನ್ನು ಸವರಿಬಿಡುತ್ತದೆ. ಅದಕ್ಕಿಂತ ಅಪಾಯ, ಬೋಲ್ಟ್ ಕಳೆದುಹೋಯಿತು ಅಂತ 8 ಮಿಲಿಮೀಟರಿನದು ಹಾಕುವುದು. ಎರಡು ಸುತ್ತು ಹೋಗುತ್ತದೆ, ಆಮೇಲೆ ಬ್ಲಾಕಿನ ತೂತಿನೊಳಗಿನ ಥ್ರೆಡ್ಡನ್ನೇ ಕಿತ್ತು ತರುತ್ತದೆ.

ಬೆಲ್ಟನ್ನು ವೀಣೆಯ ತಂತಿ ಥರ ಬಿಗಿಯಬೇಡಿ. ಉದ್ದದ ಭಾಗದ ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು ಅರ್ಧ ಇಂಚು ಬಗ್ಗಬೇಕು. ಜಾಸ್ತಿ ಬಿಗಿದರೆ ಹೊಸ ಬೇರಿಂಗ್ ಬೇಗ ಕೂಗುತ್ತದೆ. ಬೋರ್‌ವೆಲ್ ನೀರು ಹಾಕಬೇಡಿ, ಡಿಸ್ಟಿಲ್ಡ್ ವಾಟರಿಗೆ ಕೂಲೆಂಟ್ ಬೆರೆಸಿ ಹಾಕಿ. ಈಗಿನ ಕಾರುಗಳ ಹೆಚ್ಚು ಪ್ರೆಶರಿನ ರೇಡಿಯೇಟರ್ ಕ್ಯಾಪನ್ನೂ ಹಾಕಬೇಡಿ, ಹಳೆ ರೇಡಿಯೇಟರಿನ ಬೆಸುಗೆ ಬಿಟ್ಟುಕೊಳ್ಳುತ್ತದೆ.

ಪ್ರಶ್ನೆ: ನನ್ನ ಪ್ರೀಮಿಯರ್ ಪದ್ಮಿನಿಯ ಪಂಪಿನ ಕೆಳಗೆ ಸಣ್ಣ ತೂತು ಇದೆ. ಅದರಿಂದ ಹನಿ ಹನಿ ನೀರು ಬೀಳುತ್ತದೆ. ಎಂ-ಸೀಲ್ ಹಚ್ಚಿ ಮುಚ್ಚಬಹುದಾ? ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ಹೋಗುವ ನೀರನ್ನು ತಡೆಯುವ ಥರ್ಮೋಸ್ಟಾಟ್ ಬೇಡ, ತೆಗೆದುಬಿಡಿ ಎಂದೂ ಹೇಳುತ್ತಾರೆ.
— ಓದುಗರು, ಧಾರವಾಡ

ಉತ್ತರ: ಬೇಡ, ಎರಡೂ ಬೇಡ. ಆ ತೂತು ಇರೋದೇ ಸೀಲ್ ಹೋಗಿದೆ ಅಂತ ನಿಮಗೆ ಹೇಳೋಕೆ. ಮುಚ್ಚಿದರೆ ನೀರು ಬೇರಿಂಗಿಗೆ ನುಗ್ಗಿ ಗ್ರೀಸನ್ನು ತೊಳೆಯುತ್ತದೆ. ಎಂಜಿನ್ ಆಫ್ ಮಾಡಿ ಫ್ಯಾನಿನ ಎರಡು ರೆಕ್ಕೆ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಲಟಪಟ ಅಂದರೆ ಬೇರಿಂಗೂ ಹೋಗಿದೆ, ಊರ ಹೊರಗೆ ಗಾಡಿ ಒಯ್ಯಬೇಡಿ. ನಿಮ್ಮದು ಫಿಯೆಟ್ ಮೂಲದ ಗಾಡಿ, ಅಳತೆಯೆಲ್ಲ ಮಿಲಿಮೀಟರಿನಲ್ಲೇ. ಸ್ಪ್ಯಾನರ್ ತಾಪತ್ರಯ ನಿಮಗಿಲ್ಲ.

ಥರ್ಮೋಸ್ಟಾಟ್ ತೆಗೆದರೆ ಎಂಜಿನ್ ಬಿಸಿ ಏರಲು ಬಹಳ ಹೊತ್ತು ಹಿಡಿಯುತ್ತದೆ, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ. ಕೆಟ್ಟಿದೆ ಅಂತ ಅನುಮಾನ ಇದ್ದರೆ ಬಿಚ್ಚಿ, ದಾರ ಕಟ್ಟಿ, ಒಲೆಯ ಮೇಲಿನ ನೀರಿನ ಪಾತ್ರೆಯೊಳಗೆ ಇಳಿಬಿಡಿ. ತಳ ಮುಟ್ಟಬಾರದು. ಅದರ ಮೇಲೆ ಡಿಗ್ರಿ ಅಚ್ಚಾಗಿರುತ್ತದೆ. ನೀರು ಅಷ್ಟು ಬಿಸಿಯಾದ ಮೇಲೆ ಬಾಯಿ ತೆರೆಯಲು ಶುರುವಾದರೆ ಚೆನ್ನಾಗಿದೆ, ವಾಪಸ್ ಹಾಕಿ. ಪಾತ್ರೆ ಮಾತ್ರ ಹಳೆಯದು ತೆಗೆದುಕೊಳ್ಳಿ. ನಾನು ಒಮ್ಮೆ ಹಾಲಿನ ಪಾತ್ರೆ ಇಟ್ಟು ಮನೆಯಲ್ಲಿ ಚೆನ್ನಾಗಿ ಬೈಸಿಕೊಂಡಿದ್ದೇನೆ.