ಜೋಡಿ ನಳಿಗೆ ಕೋವಿಯನ್ನು ಬಿಸಿ ತೊಟ್ಟಿಗೆ ಇಳಿಸಬೇಡಿ

ಅಣ್ಣ, ನಿಮ್ಮ ಅಜ್ಜನ 12 ಬೋರ್ ಕೋವಿಯ ಫೋಟೊ ನೋಡಿದೆ. ಕೊಡಗಿನ ನಮ್ಮ ಆಯುಧ ಹಬ್ಬ ಕೈಲ್ ಮುಹೂರ್ತಕ್ಕೆ ಮೊದಲು ನಳಿಗೆಗೆ ಬಿಸಿ ಬ್ಲೂಯಿಂಗ್ (ಉಕ್ಕಿನ ಮೇಲೆ ನೀಲಿ-ಕಪ್ಪು ಬಣ್ಣ ಕೂರಿಸುವುದು) ಮಾಡಿಸುತ್ತೇನೆ, ಎರಡೇ ದಿನದಲ್ಲಿ ಹೊಸದರ ಹಾಗೆ ಕೊಡುತ್ತಾರಂತೆ ಎಂದು ಬರೆದಿದ್ದೀರಿ. ದಯವಿಟ್ಟು ಕಳಿಸಬೇಡಿ. ಇದೇ ತಪ್ಪು ನಾನೂ ಮಾಡಿದ್ದೇನೆ. ನಿಮ್ಮ ಪೋಸ್ಟ್ ಓದಿ ಸುಮ್ನೆ ಇರಲು ಆಗಲಿಲ್ಲ.

ನಮ್ಮ ಮನೆಯದೂ ಪಕ್ಕಪಕ್ಕದ ನಳಿಗೆಯ ಬರ್ಮಿಂಗ್‌ಹ್ಯಾಮ್ ಕೋವಿ. ಬಣ್ಣ ಮಾಸಿ ಬೂದು ಕಂದು ಆಗಿತ್ತು. ಹೊರಗಿನ ಊರಿನ ಒಂದು ಅಂಗಡಿಗೆ ಕೊಟ್ಟೆ. ಕನ್ನಡಿಯ ಹಾಗೆ ಹೊಳೆಯುವ ಕಪ್ಪು ಬಣ್ಣದಲ್ಲಿ ವಾಪಸ್ ಬಂತು. ಮನೆಯವರೆಲ್ಲ ಹೊಗಳಿದರು. ಹತ್ತಿರದಿಂದ ನೋಡಿದಾಗ, ನಳಿಗೆ ಪರೀಕ್ಷೆಯಾಗಿದೆ ಎಂದು ಒತ್ತಿದ ಪ್ರೂಫ್ ಮುದ್ರೆಗಳ ಅಂಚು ಕರಗಿದ ಹಾಗಿತ್ತು, ಬಫಿಂಗ್ ಚಕ್ರಕ್ಕೆ ಹಿಡಿದಿದ್ದರು. ಆಗಲೇ ಅನುಮಾನ ಬರಬೇಕಿತ್ತು. ಮುಂದಿನ ಮಳೆಗಾಲ ಶುರುವಾದಾಗ ನಳಿಗೆಗೂ ರಿಬ್‌ಗೂ (ಎರಡು ನಳಿಗೆಗಳ ನಡುವೆ ಉದ್ದಕ್ಕೆ ಕೂರಿಸಿದ ಪಟ್ಟಿ) ನಡುವಿನ ಗೆರೆಯಲ್ಲಿ ಬಿಳಿ ಪುಡಿ ಕಾಣಿಸಿತು. ಒರೆಸಿದೆ, ವಾರದಲ್ಲಿ ಮತ್ತೆ ಬಂತು. ಆಮೇಲೆ ಅದೇ ಗೆರೆಯಲ್ಲಿ ಕಂದು ನೀರಿನ ಕಲೆ. ಎರಡನೇ ವರ್ಷ ಹಬ್ಬದಲ್ಲಿ ತೆಂಗಿನಕಾಯಿಗೆ ಒಂದು ಗುಂಡು ಹೊಡೆದೆ, ರಿಬ್ ಗಿಲಗಿಲ ಎಂದಿತು. ಬಿಚ್ಚಿಸಿದಾಗ ಒಳಗೆ ಬೆಸುಗೆ ತಿಂದುಹೋಗಿ, ನಳಿಗೆಯ ಮೈಯಲ್ಲಿ ತುಕ್ಕಿನ ಗುಳಿಗಳು. ರಿಬ್ ಮತ್ತೆ ಕೂರಿಸಲು ಆದ ಖರ್ಚು ಬಿಡಿ, ಆ ಗುಳಿಗಳು ಇನ್ನು ಹೋಗುವುದಿಲ್ಲ.

ಕಾರಣ ಇಷ್ಟೇ. ಹಳೇ ಜೋಡಿ ನಳಿಗೆಗಳ ರಿಬ್ ಕೂರಿಸುವುದು ಸೀಸ-ತವರದ ಮೆದು ಬೆಸುಗೆಯಲ್ಲಿ. ಬಿಸಿ ಬ್ಲೂಯಿಂಗ್ ಎಂದರೆ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಉಪ್ಪುಗಳ ತೊಟ್ಟಿ, ಹೆಚ್ಚುಕಡಿಮೆ 140 ಡಿಗ್ರಿ ಸೆಲ್ಸಿಯಸ್ ಬಿಸಿ. 'ಬೆಸುಗೆ ಕರಗಲು 183 ಡಿಗ್ರಿ ಬೇಕು, ಅದಕ್ಕೇನೂ ಆಗಲ್ಲ' ಎಂದು ಅಂಗಡಿಯವರು ವಾದಿಸುತ್ತಾರೆ. ನನಗೂ ಹಾಗೇ ಹೇಳಿದ್ದರು. ಕರಗುವುದಲ್ಲ ಅಣ್ಣ, ಕಾಸ್ಟಿಕ್ ಸೀಸ-ತವರವನ್ನು ತಿನ್ನುತ್ತದೆ. ರಿಬ್ ಕೆಳಗಿನ ಟೊಳ್ಳಿಗೆ ಹೊಕ್ಕ ಉಪ್ಪನ್ನು ಎಷ್ಟು ತೊಳೆದರೂ ಪೂರ್ತಿ ತೆಗೆಯಲು ಆಗುವುದಿಲ್ಲ. ನಮ್ಮ ಜೂನ್-ಜುಲೈ ಗಾಳಿಯಲ್ಲಿ ಆ ಉಪ್ಪು ನೀರು ಎಳೆದುಕೊಂಡು ಒಳಗಿಂದಲೇ ಕೆಲಸ ಶುರು ಮಾಡುತ್ತದೆ. ಇತ್ತೀಚಿನ ಕೆಲವು ಕೋವಿಗಳಲ್ಲಿ ಗಟ್ಟಿ ಬೆಳ್ಳಿ ಬೆಸುಗೆ ಇರುತ್ತದೆ, ಅವು ತಡೆಯುತ್ತವೆ. ಅಜ್ಜನ ಕಾಲದ್ದಕ್ಕೆ ಆ ಲೆಕ್ಕ ಹಾಕಬೇಡಿ.

ಈಗ ನಿಮ್ಮ ಕೋವಿಯಲ್ಲಿ ಇರುವುದು ಯಾವ ಬ್ಲೂ ಎಂದು ಮೊದಲು ತಿಳಿದುಕೊಳ್ಳಿ. ತೋಟಾ ಇಲ್ಲ ಎಂದು ಎರಡು ಸಲ ನೋಡಿ, ಫೋರೆಂಡ್, ಅಂದರೆ ನಳಿಗೆಯ ಕೆಳಗೆ ಕೈ ಹಿಡಿಯುವ ಮರದ ತುಂಡು, ಬಿಚ್ಚಿ. ಬಿಸಿಲು, ಕೈ ಬೆವರು ತಾಗದ ಆ ಜಾಗದಲ್ಲಿ ಹಳೇ ಬಣ್ಣ ಉಳಿದಿರುತ್ತದೆ. ಹೊಳಪು ಜಾಸ್ತಿ ಇಲ್ಲದೆ, ರೇಷ್ಮೆಯ ಹಾಗೆ ಮೆತ್ತಗಿನ ನೀಲಿ-ಕಪ್ಪು ಇದ್ದರೆ ಅದು ತುಕ್ಕಿನ ಬ್ಲೂ, ಅಂದರೆ ರಸ್ಟ್ ಬ್ಲೂಯಿಂಗ್. ಸವೆದ ಕಡೆ ಅದು ನಿಧಾನವಾಗಿ ಬೂದು-ಕಂದಿಗೆ ತಿರುಗಿರುತ್ತದೆ. ಗಾಜಿನ ಹಾಗೆ ಹೊಳೆಯುವ ಕಪ್ಪು, ಜೊತೆಗೆ ಅಕ್ಷರಗಳ ಅಂಚು ಸವೆದು, ಸ್ಕ್ರೂ ತೂತುಗಳ ಬಾಯಿ ತಟ್ಟೆಯ ಹಾಗೆ ತಗ್ಗಾಗಿದ್ದರೆ ಯಾರೋ ಮೊದಲೇ ಬಫ್ ಮಾಡಿ ಬಿಸಿ ತೊಟ್ಟಿಗೆ ಹಾಕಿದ್ದಾರೆ. ಅಲ್ಲಲ್ಲಿ ಮೋಡ ಕಟ್ಟಿದ ಹಾಗೆ ಬೂದು-ನೀಲಿ, ಉಜ್ಜಿದರೆ ಕೈಗೆ ಒಂಥರಾ ಲೋಹದ ಕೆಟ್ಟ ವಾಸನೆ ಬಂದರೆ ಅದು ಕಾಯಿಸದೆ ಹಚ್ಚುವ ಬಾಟಲಿಯ ತಣ್ಣನೆ ಬ್ಲೂ.

ನಳಿಗೆಯನ್ನು ಕೋವಿಯಿಂದ ಬಿಡಿಸಿ ಲಂಪ್‌ನಲ್ಲಿ (ನಳಿಗೆಯ ಹಿಂಬದಿ ಕೆಳಗಿರುವ ಕೊಕ್ಕೆ) ಬೆರಳು ಕೊಟ್ಟು ತೂಗುಹಾಕಿ, ಮರದ ಸೌಟಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಂಟೆಯ ಹಾಗೆ ನಾದ ಉಳಿದರೆ ರಿಬ್ ಗಟ್ಟಿ. ಸೀಳಿದ ಬಿದಿರಿನ ಸದ್ದು ಬಂದರೆ ಬಣ್ಣದ ಮಾತು ಬಿಡಿ, ಮೊದಲು ಬೆಸುಗೆ ನೋಡಿಸಿ. ನಾನು ಇದನ್ನು ಕಲಿತದ್ದು ನಮ್ಮ ಕೋವಿ ಹಾಳಾದ ಮೇಲೆ.

ಫೋಟೊದಲ್ಲಿ ನಳಿಗೆಯ ಮೇಲೆ ಸುತ್ತು ಸುತ್ತು ಗೆರೆ ಇರುವ ಹಾಗೆ ಕಂಡಿತು. ಅದು ಡಮಾಸ್ಕಸ್ ಆಗಿದ್ದರೆ ಕಥೆಯೇ ಬೇರೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿ ಹೆಣೆದು, ಸುತ್ತಿ, ಬಡಿದು ಮಾಡಿದ ನಳಿಗೆ ಅದು. ಅದಕ್ಕೆ ಮೊದಲಿಂದ ಇದ್ದದ್ದು ಕಂದು ಬಣ್ಣ, ಇಲ್ಲವೇ ಗೆರೆಗಳು ಕಪ್ಪು-ಬಿಳಿಯಾಗಿ ಎದ್ದು ಕಾಣುವ ಫಿನಿಶ್. ಬಿಸಿ ತೊಟ್ಟಿಗೆ ಹಾಕಿದರೆ ಆ ಚಿತ್ತಾರ ಮುಚ್ಚಿಹೋಗುತ್ತದೆ. ಅದಕ್ಕಿಂತ ದೊಡ್ಡ ವಿಷಯ, ನಳಿಗೆಯ ಕೆಳಗಿನ ಚಪ್ಪಟೆ ಜಾಗದಲ್ಲಿ ನೈಟ್ರೋ ಪ್ರೂಫ್ ಅಥವಾ ಎನ್‌ಪಿ ಮುದ್ರೆ (ಈಗಿನ ಹೊಗೆ ಇಲ್ಲದ ಮದ್ದಿಗೆ ಪರೀಕ್ಷೆಯಾದ ಗುರುತು) ಇಲ್ಲದಿದ್ದರೆ ಅದು ಕರಿಮದ್ದಿನ ಕಾಲದ ಕೋವಿ ಎಂದೇ ತಿಳಿಯಿರಿ. ಈಗಿನ ತೋಟಾ ಹಾಕಲೇಬೇಡಿ. ಮುದ್ರೆ ಇದ್ದರೂ ನಳಿಗೆಯ ಗೋಡೆಯ ದಪ್ಪ ಅಳೆಸದೆ ಹಾಕಬೇಡಿ. ಆಯುಧಪೂಜೆಗೆ ಇಟ್ಟು ಹೂ ಮುಡಿಸಿದರೂ ಕೋವಿಗೆ ಗೌರವವೇ.

ಹಾಗಾದರೆ ಏನು ಮಾಡಿಸಬೇಕು? ತುಕ್ಕಿನ ಬ್ಲೂ, ಅಷ್ಟೇ. ರಿಬ್ ಕೂರಿಸಿದ ಮೇಲೆ ನಮ್ಮದಕ್ಕೆ ಲೈಸೆನ್ಸ್ ಇರುವ ಒಬ್ಬ ಹಿರಿಯ ಕೋವಿ ಕೆಲಸಗಾರರು ಮಾಡಿಕೊಟ್ಟರು, ನಾನು ದಿನವೂ ಹೋಗಿ ಪಕ್ಕದಲ್ಲಿ ಕೂತಿದ್ದೆ. ಎಣ್ಣೆ ಅಂಶ ಪೂರ್ತಿ ತೆಗೆದು, ತುಕ್ಕು ತರಿಸುವ ದ್ರಾವಣ ತೆಳ್ಳಗೆ ಒಂದೇ ಎಳೆತದಲ್ಲಿ ಹಚ್ಚಿ, ತೇವದಲ್ಲಿ ಇಟ್ಟು, ಸಣ್ಣ ಕೆಂಪು ತುಕ್ಕು ಬಂದ ಮೇಲೆ ನೀರಿನಲ್ಲಿ ಕುದಿಸಬೇಕು. ಕುದಿಸಿದಾಗ ಕೆಂಪು ತುಕ್ಕು ಕಪ್ಪಾಗುತ್ತದೆ. ಸಡಿಲ ಪುಡಿಯನ್ನು ತೆಳು ಉಕ್ಕಿನ ನಾರಿನಿಂದ ಉಜ್ಜಿ ಮತ್ತೆ ಹಚ್ಚಬೇಕು. ನಮ್ಮದಕ್ಕೆ ಎಂಟು ಸುತ್ತು ಬೇಕಾಯಿತು. ಮೂರನೇ ಸುತ್ತಿನಲ್ಲಿ ನೋಡಿ 'ಇದೇನು, ಪಟ್ಟೆಪಟ್ಟೆ' ಎಂದು ಬೇಜಾರಾಗಿತ್ತು. ಐದರ ಮೇಲೆ ಬಣ್ಣ ಕೂಡಿಕೊಂಡಿತು.

ಇಲ್ಲಿ ನಮ್ಮ ಹವೆಯ ಬಗ್ಗೆ ಒಂದು ಮಾತು. ಹೊರದೇಶದ ವಿಡಿಯೋಗಳಲ್ಲಿ ತೇವಕ್ಕೆ ಪೆಟ್ಟಿಗೆ ಮಾಡಿ ರಾತ್ರಿಯೆಲ್ಲ ಇಡುತ್ತಾರೆ. ಮಡಿಕೇರಿ, ಸೋಮವಾರಪೇಟೆ ಕಡೆ ಮಳೆಗಾಲದಲ್ಲಿ ಇಡೀ ಮನೆಯೇ ಆ ಪೆಟ್ಟಿಗೆ. ರಾತ್ರಿಯೆಲ್ಲ ಬಿಟ್ಟರೆ ತುಕ್ಕು ದಪ್ಪ ಕೂತು ಗುಳಿ ಬೀಳುತ್ತದೆ. ಗಂಟೆಗೊಮ್ಮೆ ನೋಡುತ್ತಿರಬೇಕು. ಮಳೆ ನಿಂತ ಮೇಲೆ ಮಾಡಿಸುವುದೇ ಒಳ್ಳೆಯದು, ಹಬ್ಬಕ್ಕೆ ಆಗಲಿಲ್ಲ ಎಂದರೆ ಸುಗ್ಗಿಯ ಹಬ್ಬ ಪುತ್ತರಿಗೆ ಆಗಲಿ. ಕುದಿಸಲು ಬೋರ್‌ವೆಲ್ ನೀರು ಬೇಡ, ಚುಕ್ಕೆ ಬೀಳುತ್ತದೆ. ಡಿಸ್ಟಿಲ್ಡ್ ನೀರು ತನ್ನಿ. ನಳಿಗೆಯ ಒಳಗೆ ದ್ರಾವಣ ಹೋಗದ ಹಾಗೆ ಮರದ ಬಿರಡೆ ಹಾಕಿದ್ದಾರಾ ಎಂದು ಕೇಳಿ.

ಬಾಟಲಿಯ ತಣ್ಣನೆ ಬ್ಲೂ ಬಗ್ಗೆ ಒಬ್ಬರು ಮೇಲಿನ ಕಾಮೆಂಟಿನಲ್ಲಿ ಬರೆದಿದ್ದಾರೆ. ನಾನು ಪರ್ಮಾ ಬ್ಲೂ, ಆಕ್ಸ್‌ಫೋ ಬ್ಲೂ ಎರಡೂ ಬಳಸಿದ್ದೇನೆ, ನನಗೆ ಆಕ್ಸ್‌ಫೋ ಇಷ್ಟ. ಆದರೆ ಅದು ಸ್ಕ್ರೂ ತಲೆಗೆ, ಸಣ್ಣ ಗೀರಿಗೆ. ಪೂರ್ತಿ ನಳಿಗೆಗೆ ಹಚ್ಚಬೇಡಿ, ಕೈ ತಾಗಿದ ಕಡೆಯೆಲ್ಲ ಬೇಗ ಹೋಗುತ್ತದೆ. ಇನ್ನೊಬ್ಬರು ತುಕ್ಕಿಗೆ ಕಾಚಂಪುಳಿ (ನಮ್ಮ ಅಡುಗೆಯ ಕಪ್ಪು ಹುಳಿ) ಉಜ್ಜಿ ಎಂದಿದ್ದಾರೆ. ದಯವಿಟ್ಟು ಅಂಥ ಸಲಹೆ ಕೊಡಬೇಡಿ! ಹುಳಿ ತುಕ್ಕನ್ನು ಮಾತ್ರ ಅಲ್ಲ, ಬ್ಲೂವನ್ನೂ ತೆಗೆಯುತ್ತದೆ. ಬ್ಲೂ ಕೂಡ ಕಬ್ಬಿಣದ ಆಕ್ಸೈಡೇ ಅಲ್ವಾ. ಕಾಚಂಪುಳಿ ಪಂದಿಕರಿಗೆ, ಹಂದಿ ಸಾರಿಗೆ, ಇರಲಿ. ಮೇಲ್ಮೈ ತುಕ್ಕಿಗೆ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು, 0000 ನಂಬರಿನ ಉಕ್ಕಿನ ನಾರಿನಿಂದ ಮೆಲ್ಲಗೆ ಒರೆಸಿದರೆ ಸಾಕು.

ಆಕ್ಷನ್ ಭಾಗವನ್ನು, ಅಂದರೆ ನಳಿಗೆ ಬಂದು ಕೂರುವ ಕೋವಿಯ ನಡು ಭಾಗವನ್ನು, ಮುಟ್ಟಲೇಬೇಡಿ. ಅಲ್ಲಿರುವ ನೀಲಿ-ಕಂದು ಮೋಡದಂಥ ಬಣ್ಣ ಬ್ಲೂ ಅಲ್ಲ, ಮೂಳೆ-ಇದ್ದಿಲಿನಲ್ಲಿ ಕಾಯಿಸಿ ಗಟ್ಟಿ ಮಾಡಿದಾಗ ಬಂದದ್ದು. ಮಾಸಿ ಬೆಳ್ಳಗಾಗಿದ್ದರೆ ಹಾಗೇ ಇರಲಿ.

ಕೊಡವರಿಗೂ ಜಮ್ಮಾ ಭೂಮಿಯವರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಡಲು ಕೊಟ್ಟ ಜಮ್ಮಾ ವಿನಾಯಿತಿ ಇದೆ, ಯಾರ ಹತ್ತಿರ ಬೇಕಾದರೂ ಕೊಡಬಹುದು ಎಂದುಕೊಳ್ಳಬೇಡಿ. ಅದು ನಿಮ್ಮ ಬಳಿ ಕೋವಿ ಇರುವುದಕ್ಕೆ. ರಿಪೇರಿ ಮಾಡುವವರಿಗೆ ಲೈಸೆನ್ಸ್ ಬೇಕೇ ಬೇಕು. 1959ರ ಆಯುಧ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ನಂಬರ್, ಗುರುತು ಅಳಿಸುವುದು ಅಪರಾಧ. ಬಫಿಂಗ್ ಚಕ್ರಕ್ಕೆ ಅದು ಗೊತ್ತಾಗುವುದಿಲ್ಲ.

ಬಣ್ಣದ ಕೆಲಸ ಮಾಡಿಸುವವರೆಗೆ ಕೋವಿಯನ್ನು ಬಟ್ಟೆ ಚೀಲದಲ್ಲಾಗಲಿ ಚರ್ಮದ ಕವರಿನಲ್ಲಾಗಲಿ ಇಡಬೇಡಿ, ಎರಡೂ ತೇವ ಹಿಡಿಯುತ್ತವೆ. ಡಬ್ಲ್ಯುಡಿ-40 ನೀರು ಓಡಿಸಲು ಚೆನ್ನ, ತಿಂಗಳುಗಟ್ಟಲೆ ಕಾಯಲು ಅಲ್ಲ. ನಾನು ಬ್ಯಾಲಿಸ್ಟಾಲ್ ಎಣ್ಣೆ ಒರೆಸಿ ಇಡುತ್ತೇನೆ, ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಹತ್ತು ದಿನಕ್ಕೊಮ್ಮೆ. ಫೋರೆಂಡ್ ಒಳಗಿನ ಬಣ್ಣ, ರಿಬ್ ಗೆರೆ, ಚಪ್ಪಟೆ ಜಾಗದ ಮುದ್ರೆ, ಈ ಮೂರರ ಫೋಟೊ ಹಗಲು ಬೆಳಕಿನಲ್ಲಿ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ. ಸೀರಿಯಲ್ ನಂಬರ್ ಮೇಲೆ ಮಾತ್ರ ಒಂದು ಚೂರು ಟೇಪ್ ಅಂಟಿಸಿ.