ಎಲೆಕ್ಟ್ರಾನಿಕ್ ಸಂಗೀತ ಮಾಡುವವರು ಗೇಮ್ ಸಂಗೀತವನ್ನೇ ವೃತ್ತಿ ಮಾಡಿಕೊಳ್ಳಬಹುದಾ?

ಸಿಂಥ್, ಲ್ಯಾಪ್‌ಟಾಪ್ ಇಟ್ಟುಕೊಂಡು ಟ್ರ್ಯಾಕ್ ಮಾಡ್ತೀನಿ, ಗೇಮ್‌ಗಳಿಗೆ ಸಂಗೀತ ಕೊಡಬೇಕು ಅಂತ ಆಸೆ, ಆದರೆ ನೊಟೇಶನ್ ಓದೋಕೆ ಬರಲ್ಲ, ಆರ್ಕೆಸ್ಟ್ರಾ ಗೊತ್ತಿಲ್ಲ, ಆಗುತ್ತಾ ಅಂತ ಕೇಳಿದ್ದೀರಿ. ಯಾವ ಸಾಫ್ಟ್‌ವೇರ್ ಬೇಕು ಅಂತಲೂ ಕೇಳಿದ್ದೀರಿ.

ಆಗುತ್ತೆ. ನಾನು ಮಾಡುತ್ತಿರುವುದೂ ಇದೇ ಕೆಲಸ, ಹೆಚ್ಚಾಗಿ ಸಣ್ಣ ತಂಡಗಳ ಜೊತೆ. ನೊಟೇಶನ್ ಕೇಳಿದವರು ಬಹಳ ಕಡಿಮೆ. ತಲೆ ಕೆಡಿಸಿಕೊಳ್ಳಬೇಕಾದ ವಿಷಯಗಳು ಬೇರೆ ಇವೆ.

ಗೇಮ್ ಸಂಗೀತ ಹುಟ್ಟಿದ್ದೇ ಎಲೆಕ್ಟ್ರಾನಿಕ್ ಆಗಿ. 1978ರ ಸ್ಪೇಸ್ ಇನ್‌ವೇಡರ್ಸ್‌ನಲ್ಲಿ ಇದ್ದದ್ದು ಕೆಳಗಿಳಿಯುವ ನಾಲ್ಕು ಸ್ವರಗಳು, ಅಷ್ಟೇ. ಶತ್ರುಗಳು ಹತ್ತಿರ ಬಂದಂತೆ ಅದರ ವೇಗ ಏರುತ್ತಿತ್ತು. ಕಮೊಡೋರ್ 64 ಕಂಪ್ಯೂಟರಿನ ಸಿಡ್ ಅನ್ನುವ ಸಂಗೀತದ ಚಿಪ್‌ಗೆ ಒಟ್ಟಿಗೆ ಮೂರೇ ದನಿ ನುಡಿಸಲು ಆಗುತ್ತಿತ್ತು. ಯುಜೊ ಕೊಶಿರೊ ಅವರು 1992ರ ಸ್ಟ್ರೀಟ್ಸ್ ಆಫ್ ರೇಜ್ 2ಕ್ಕೆ ಸಂಗೀತ ಮಾಡಿದ್ದು ಎನ್‌ಇಸಿಯ ಪಿಸಿ-88 ಕಂಪ್ಯೂಟರ್‌ನಲ್ಲಿ, ಕೋಡ್ ಟೈಪ್ ಮಾಡಿ. ಕ್ಲಬ್‌ಗಳ ಹೌಸ್, ಟೆಕ್ನೊ ಸಂಗೀತವನ್ನು ಸೀದಾ ಸೆಗಾ ಗೇಮ್ ಯಂತ್ರದ ಪುಟ್ಟ ಚಿಪ್‌ಗೆ ಇಳಿಸಿಬಿಟ್ಟರು. ಇವತ್ತಿಗೂ ಹಾಕಿ ಕೇಳಿ, ಕುಣಿಯಬೇಕು ಅನ್ನಿಸುತ್ತೆ. ಆರ್ಕೆಸ್ಟ್ರಾ ಈ ಮನೆಗೆ ಆಮೇಲೆ ಬಂದ ನೆಂಟ. ನೀವು ಹೊರಗಿನವರೇನಲ್ಲ.

ಈಗ ನಿಜವಾಗಿ ಕಲಿಯಬೇಕಾದ್ದಕ್ಕೆ ಬರುತ್ತೇನೆ. ಸಿನಿಮಾಕ್ಕೆ ಸಂಗೀತ ಮಾಡುವವರಿಗೆ ನಾಯಕ ಯಾವ ಸೆಕೆಂಡಿಗೆ ಬಾಗಿಲು ತೆಗೆಯುತ್ತಾನೆ ಅಂತ ಗೊತ್ತಿರುತ್ತದೆ. ಗೇಮ್‌ನಲ್ಲಿ ಆಟಗಾರ ಆ ಬಾಗಿಲ ಮುಂದೆ ಅರ್ಧ ಗಂಟೆ ಸುಮ್ನೆ ನಿಂತಿರಬಹುದು. ಅಥವಾ ಎರಡೇ ಸೆಕೆಂಡಿನಲ್ಲಿ ಒಳಗೆ ನುಗ್ಗಬಹುದು. ಎರಡಕ್ಕೂ ಹೊಂದುವ ಸಂಗೀತ ಬೇಕು.

ಇದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು, ಪದರಗಳು. ಒಂದೇ ವೇಗ, ಒಂದೇ ಉದ್ದದ ನಾಲ್ಕೈದು ಟ್ರ್ಯಾಕ್‌ಗಳು ಒಟ್ಟಿಗೆ ಓಡುತ್ತಿರುತ್ತವೆ. ಶಾಂತವಾಗಿದ್ದಾಗ ಪ್ಯಾಡ್, ಅಂದರೆ ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಮೃದು ಸ್ವರ, ಮಾತ್ರ ಕೇಳುತ್ತದೆ, ಶತ್ರು ಕಂಡರೆ ಬೇಸ್ ಸೇರುತ್ತದೆ, ಹೊಡೆದಾಟ ಶುರುವಾದರೆ ಡ್ರಮ್. ಇನ್ನೊಂದು, ತುಂಡುಗಳು. ಒಂದು ಭಾಗದಿಂದ ಇನ್ನೊಂದಕ್ಕೆ ತಾಳ ತಪ್ಪದೆ, ಬಾರ್ (ತಾಳದ ಒಂದು ಸುತ್ತು) ಮುಗಿದ ಕಡೆ ಹಾರುವುದು. ಲೂಕಾಸ್‌ಆರ್ಟ್ಸ್ ಗೇಮ್ ಕಂಪನಿಯ ಮೈಕಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ಇದಕ್ಕಾಗಿಯೇ ಐಮ್ಯೂಸ್ ಅನ್ನುವ ವ್ಯವಸ್ಥೆ ಕಟ್ಟಿದರು, 1991ರ ಮಂಕಿ ಐಲ್ಯಾಂಡ್ 2ರಲ್ಲಿ ಅದನ್ನು ಕೇಳಬಹುದು. ಈಗ ಎಫ್‌ಮಾಡ್, ವೈಸ್ ಅನ್ನುವ ಸಾಫ್ಟ್‌ವೇರ್‌ಗಳು ಈ ಕೆಲಸ ಮಾಡುತ್ತವೆ. ಕಲಿಯುವುದಕ್ಕೆ ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

ಲೂಪ್ ಹಾಕಿ, ಪದರ ಸೇರಿಸಿ, ಫಿಲ್ಟರ್ ತೆರೆದು ಮುಚ್ಚಿ ಟ್ರ್ಯಾಕ್ ಕಟ್ಟುವುದು ನಿಮಗೆ ದಿನದ ಅಭ್ಯಾಸ ಅಲ್ವಾ? ಅದೇ ನಿಮ್ಮ ಬಂಡವಾಳ. ಒಂದು ಭಾಗವನ್ನು ಯಾವಾಗ ತರಬೇಕು ಅನ್ನುವ ನಿರ್ಧಾರ ಮಾತ್ರ ನಿಮ್ಮ ಕೈ ಬಿಟ್ಟು ಆಟಗಾರನ ಕೈಗೆ ಹೋಗುತ್ತದೆ. ಕೆಲವರಿಗೆ ಇದು ಹಿಂಸೆ. ನನಗೆ ಈ ಕೆಲಸದಲ್ಲಿ ಇಷ್ಟವಾಗಿದ್ದೇ ಅದು.

ಇನ್ನೊಂದು, ಮತ್ತೆ ಮತ್ತೆ ಕೇಳಿಸುವ ಕಾಟ. 100 ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ 100 ಬಡಿತದ ವೇಗದಲ್ಲಿ, ನಾಲ್ಕು ಬಡಿತದ 16 ಬಾರ್ ಅಂದರೆ 38.4 ಸೆಕೆಂಡ್. ಆಟಗಾರ ಹತ್ತು ನಿಮಿಷ ಅಲ್ಲೇ ಸುತ್ತಾಡಿದರೆ ಅದು ಹದಿನೈದು ಸಲಕ್ಕಿಂತ ಜಾಸ್ತಿ ಕೇಳಿಸುತ್ತದೆ. ಮೊದಲ ಸಲ ವಾಹ್ ಅನ್ನಿಸಿದ ಲೀಡ್ (ಮುಖ್ಯ ಟ್ಯೂನ್), ಎಂಟನೇ ಸಲಕ್ಕೆ ಮ್ಯೂಟ್ ಮಾಡಿಸುತ್ತದೆ. ಅದಕ್ಕೇ ಎದ್ದು ಕಾಣುವ ಟ್ಯೂನ್‌ಗಳನ್ನು ಟೈಟಲ್‌ಗೆ, ಬಾಸ್ ಫೈಟ್‌ಗೆ (ದೊಡ್ಡ ಶತ್ರುವಿನ ಜೊತೆಗಿನ ಹೊಡೆದಾಟಕ್ಕೆ) ಇಟ್ಟುಕೊಂಡು, ತಿರುಗಾಡುವ ಜಾಗಗಳಲ್ಲಿ ಕಡಿಮೆ ಹೇಳುವುದು ಒಳ್ಳೆಯದು. ಎಂಪಿ3ಯಲ್ಲಿ ಲೂಪ್ ಕಳಿಸಬೇಡಿ, ಆ ಫಾರ್ಮ್ಯಾಟ್ ಶುರುವಿನಲ್ಲಿ ಚೂರು ಮೌನ ಸೇರಿಸುತ್ತದೆ, ಪ್ರತಿ ಸುತ್ತಿಗೂ ಎಡವಿದ ಹಾಗೆ ಕೇಳುತ್ತದೆ. ವೇವ್ ಅಥವಾ ಓಗ್ ಕೊಡಿ. ಲೂಪಿನ ಕೊನೆಯ ರಿವರ್ಬ್ ಬಾಲವನ್ನು (ಮಾರ್ದನಿಯ ಉಳಿಕೆಯನ್ನು) ಕತ್ತರಿಸಿ ಶುರುವಿಗೆ ಬೆರೆಸುವುದನ್ನೂ ಕಲಿಯಿರಿ. ಇಂಥ ಸಣ್ಣ ವಿಷಯ ಗೊತ್ತಿರುವವರನ್ನು ಡೆವಲಪರ್‌ಗಳು ಮತ್ತೆ ಕರೆಯುತ್ತಾರೆ.

ಕೆಲಸ ಸಿಗುವುದು ಹೇಗೆ? ನಿಮ್ಮ ಟ್ರ್ಯಾಕ್‌ಗಳನ್ನು ಎಷ್ಟು ಜನ ಕೇಳಿದರು ಅನ್ನುವುದರಿಂದ ಅಲ್ಲ. ಗೇಮ್ ಮಾಡುವವರು ನಿಮಗೆ ಪರಿಚಯ ಇರಬೇಕು. ಲುಡುಮ್ ಡೇರ್, ಗ್ಲೋಬಲ್ ಗೇಮ್ ಜ್ಯಾಮ್‌ನಂಥ ಜ್ಯಾಮ್‌ಗಳಲ್ಲಿ, ಅಂದರೆ ಗೊತ್ತಾದ ಸಮಯದೊಳಗೆ ಗೇಮ್ ಮಾಡುವ ಕೂಟಗಳಲ್ಲಿ, ಎರಡು ಮೂರು ದಿನಕ್ಕೆ ಒಂದು ಪುಟ್ಟ ಗೇಮ್ ಮುಗಿಯುತ್ತದೆ. ಪ್ರೋಗ್ರಾಮರ್‌ಗಳು ತುಂಬಾ ಇರುತ್ತಾರೆ, ಸಂಗೀತದವರು ಕಡಿಮೆ. ಸಿ418 ಅನ್ನುವ ಹೆಸರಿನಲ್ಲಿ ಸಂಗೀತ ಮಾಡುವ ಡೇನಿಯಲ್ ರೋಸೆನ್‌ಫೆಲ್ಡ್ ಅವರಿಗೆ ಮೈನ್‌ಕ್ರಾಫ್ಟ್ ಸಿಕ್ಕಿದ್ದೂ ಪರಿಚಯದಿಂದಲೇ, ಅದು ಆದದ್ದು ಆನ್‌ಲೈನ್ ಮಾತುಕತೆಯಲ್ಲಿ. ಆ ಗೇಮಿನ ಸಂಗೀತದ ಮೊದಲ ಆಲ್ಬಂ 2011ರಲ್ಲಿ ಬಂತು, ಅದು 2025ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿ ಸೇರಿತು. ಡಿಸಾಸ್ಟರ್‌ಪೀಸ್ ಅನ್ನುವ ಹೆಸರಿನ ಸಂಗೀತಗಾರರು 2012ರ ಫೆಜ್ ಗೇಮ್‌ಗೆ ಮಾಡಿದ ಸಂಗೀತ ಒಬ್ಬ ಸಿನಿಮಾ ನಿರ್ದೇಶಕರ ಕಿವಿಗೆ ಬಿದ್ದು, 2014ರ ಇಟ್ ಫಾಲೋಸ್ ಸಿನಿಮಾ ಅವರಿಗೆ ಬಂತು. ಇವೆಲ್ಲ ಅಪರೂಪದ ಕಥೆಗಳು, ಇವನ್ನೇ ನೆಚ್ಚಿಕೊಂಡು ಕೆಲಸ ಬಿಡಬೇಡಿ.

ದುಡ್ಡಿನ ವಿಷಯ. ಸಾಮಾನ್ಯವಾಗಿ ಮುಗಿದ ಸಂಗೀತದ ನಿಮಿಷಕ್ಕೆ ಇಷ್ಟು ಅಂತ ದರ ಮಾತಾಡುತ್ತಾರೆ. ದೊಡ್ಡ ಸ್ಟುಡಿಯೊಗಳು ಒಮ್ಮೆ ದುಡ್ಡು ಕೊಟ್ಟು ಎಲ್ಲ ಹಕ್ಕನ್ನೂ ತೆಗೆದುಕೊಳ್ಳುತ್ತವೆ. ಟಿವಿಯಲ್ಲಿ ಪ್ರಸಾರವಾದರೆ ರಾಯಲ್ಟಿ ಬರುತ್ತದೆ, ಗೇಮನ್ನು ಯಾರೋ ಮನೆಯಲ್ಲಿ ಕೂತು ಆಡಿದರೆ ಬರುವುದಿಲ್ಲ. ಸಣ್ಣ ತಂಡದ ಹತ್ತಿರ ದುಡ್ಡು ಕಡಿಮೆ, ಆದರೆ ಚೌಕಾಸಿಗೆ ಜಾಗ ಜಾಸ್ತಿ. ದರ ಇಳಿಸಿದರೆ ಸಂಗೀತದ ಹಕ್ಕು ನನ್ನ ಹತ್ತಿರವೇ ಇರಲಿ ಅಂತ ಕೇಳಿ. ರೋಸೆನ್‌ಫೆಲ್ಡ್ ಹಕ್ಕು ಬಿಟ್ಟುಕೊಡಲಿಲ್ಲ, ಗೇಮ್ ದೊಡ್ಡದಾದಾಗ ಅದು ಅವರ ಕೈ ಹಿಡಿಯಿತು.

"ಗೇಮ್ ಮಾರಾಟವಾದ ಮೇಲೆ ಪಾಲು ಕೊಡ್ತೀವಿ" ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಬಹಳಷ್ಟು ಗೇಮ್‌ಗಳು ಹೊರಗೇ ಬರುವುದಿಲ್ಲ. ನನ್ನದೇ ಒಂದು ಪ್ರಾಜೆಕ್ಟ್ ಅರ್ಧಕ್ಕೆ ನಿಂತು, ಕೊನೆಯ ಕಂತು ಬರಲೇ ಇಲ್ಲ. ಮುಂಗಡ ತೆಗೆದುಕೊಂಡಿದ್ದೆ, ಹಾಗಾಗಿ ಪೂರ್ತಿ ಮುಳುಗಲಿಲ್ಲ. ಅರ್ಧದಲ್ಲಿ ನಿಂತರೆ ಸಂಗೀತ ಯಾರದ್ದು, ಎಷ್ಟು ಸಲ ತಿದ್ದಿಕೊಡಬೇಕು, ಕ್ರೆಡಿಟ್ಸ್‌ನಲ್ಲಿ ಹೆಸರು ಹೇಗೆ ಬರುತ್ತದೆ, ಇವು ಮೂರೂ ಒಪ್ಪಂದದಲ್ಲಿ ಬರಹದಲ್ಲೇ ಇರಲಿ.

ಸೌಂಡ್ ಎಫೆಕ್ಟ್‌ಗಳನ್ನೂ ಕಲಿತುಕೊಳ್ಳಿ. ಸಣ್ಣ ತಂಡಗಳಿಗೆ ಹೆಜ್ಜೆ ಸದ್ದು, ಬಟನ್ ಸದ್ದು ಮಾಡಿಕೊಡುವವರೂ ಬೇಕು, ಇಬ್ಬರನ್ನು ಕರೆಯುವಷ್ಟು ದುಡ್ಡು ಇರುವುದಿಲ್ಲ. ಬಹಳ ಜನರ ಹೊಟ್ಟೆ ತುಂಬಿಸುವುದು ಈ ಸದ್ದುಗಳೇ.

ಸಾಫ್ಟ್‌ವೇರ್ ಅಂದರೆ, ಈಗ ನೀವು ಬಳಸುತ್ತಿರುವುದೇ ಸಾಕು, ಹೊಸದು ಕೊಳ್ಳಬೇಡಿ. ನಿಮ್ಮ ಹಳೆಯ ಟ್ರ್ಯಾಕ್ ಒಂದನ್ನು ಆರಿಸಿ, ನಾಲ್ಕು ಪದರ ಮಾಡಿ, ಎಫ್‌ಮಾಡ್‌ಗೆ ಹಾಕಿ, ಒಂದು ಸ್ಲೈಡರ್ ಎಳೆದರೆ ಶಾಂತದಿಂದ ಹೊಡೆದಾಟಕ್ಕೆ ಹೋಗುವ ಹಾಗೆ ಮಾಡಿ. ಅದನ್ನು ಪರದೆಯ ಮೇಲಿಂದಲೇ ರೆಕಾರ್ಡ್ ಮಾಡಿ ಒಂದು ನಿಮಿಷದ ವಿಡಿಯೊ ಇಟ್ಟುಕೊಳ್ಳಿ. ಡೆವಲಪರ್‌ಗಳಿಗೆ ಕಳಿಸಬೇಕಾದ್ದು ಆ ವಿಡಿಯೊ.