ರಾತ್ರಿ ಎರಡು ಗಂಟೆಯದು ಯಾರದು?

ಪ್ರಶ್ನೆ: ಪಾರ್ಶ್ವವಾಯುವಾಗಿ ಮಾವನವರು ಹಾಸಿಗೆ ಹಿಡಿದು ಮೂರು ವರ್ಷವಾಯಿತು. ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ. ಈಚೆಗೆ ಸಣ್ಣದಕ್ಕೂ ಸಿಡುಕುತ್ತೇನೆ. ಮೊನ್ನೆ ಊಟ ಚೆಲ್ಲಿದರೆಂದು ಅವರ ಕೈಯಿಂದ ಚಮಚ ಕಿತ್ತುಕೊಂಡೆ. ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಪತಿ, ಬೇರೆಡೆ ಇರುವ ಮೈದುನ, ನಾದಿನಿ ಎಲ್ಲರದೂ ಒಂದೇ ಮಾತು: ‘ತಾಳ್ಮೆ ಇರಲಿ, ಧ್ಯಾನ ಮಾಡು.’ ಧ್ಯಾನಕ್ಕೆ ಕೂತರೆ ನಿದ್ದೆ ಬರುತ್ತದೆ. ನಾನು ಕೆಟ್ಟವಳೇ?

ಉತ್ತರ: ಖಂಡಿತ ಅಲ್ಲಮ್ಮ. ನಿಮಗೆ ನಿದ್ದೆ ಬರುತ್ತಿರುವುದು ನಿದ್ದೆ ಬೇಕಾಗಿರುವುದರಿಂದ. ಹಾಸಿಗೆ ಹುಣ್ಣಾಗದಿರಲು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ದಿನಕ್ಕೆ 12 ಸಲವಾಯಿತು, ಅದರಲ್ಲಿ ಮೂರು ನಾಲ್ಕು ಸಲ ನಡುರಾತ್ರಿ. ಆಸ್ಪತ್ರೆಯಲ್ಲಿ ದಾದಿಯರು ಪಾಳಿ ಹಂಚಿಕೊಂಡು ಮಾಡುವ ಕೆಲಸವಿದು. ನೀವು ಅಷ್ಟೂ ಪಾಳಿಯನ್ನು ಒಬ್ಬರೇ, ಒಂದು ದಿನವೂ ರಜೆಯಿಲ್ಲದೆ ಮಾಡಿದ್ದೀರಿ. ನಿಮ್ಮ ಜಾಗದಲ್ಲಿ ಯಾರೇ ಇದ್ದರೂ ಒಂದು ದಿನ ಚಮಚ ಕಿತ್ತುಕೊಳ್ಳುತ್ತಿದ್ದರು.

ಒಬ್ಬರ ಸಂಕಟಕ್ಕೆ ಕಾರಣವನ್ನು ಅವರ ಸ್ವಭಾವದಲ್ಲಷ್ಟೇ ಹುಡುಕಬೇಡಿ, ಅವರು ಬದುಕುವ ಏರ್ಪಾಡನ್ನೂ ನೋಡಿ ಎನ್ನುತ್ತದೆ ಸಮುದಾಯ ಮನೋವಿಜ್ಞಾನ. ಬಡವರ ಕಷ್ಟಕ್ಕೆ ಅವರ ನಡತೆಯೇ ಕಾರಣ ಎನ್ನುವವರನ್ನು ಅಮೆರಿಕದ ಮನೋವಿಜ್ಞಾನಿ ವಿಲಿಯಂ ರಯಾನ್ 1971ರಲ್ಲಿ ತರಾಟೆಗೆ ತೆಗೆದುಕೊಂಡರು. ನೊಂದವರನ್ನೇ ದೂರುವುದು ಎಂದು ಅದಕ್ಕೆ ಹೆಸರಿಟ್ಟರು. ಮನೆಯವರ ಧ್ಯಾನದ ಸಲಹೆಯೂ ಅದೇ ಜಾತಿಯದು. ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಆದರೆ ಆ ಸಲಹೆಯಲ್ಲಿ ಅವರ ದಿನಚರಿ ಒಂದಿಷ್ಟೂ ಬದಲಾಗಬೇಕಿಲ್ಲ. ಪತ್ರ ಓದುವಾಗ ನನಗೆ ಸಂಕಟವಾದದ್ದು ಅಲ್ಲಿಯೇ.

ಒಂದು ವಾರ ಹಾಳೆಯೊಂದರಲ್ಲಿ ಬರೆದಿಡಿ: ಮಗ್ಗುಲು, ಔಷಧಿ, ಊಟ, ಶುಚಿ, ಬಟ್ಟೆ, ಎಷ್ಟು ಹೊತ್ತಿಗೆ, ಯಾರು ಮಾಡಿದ್ದು. ಆಮೇಲೆ ಮೂವರನ್ನೂ ಕೂರಿಸಿ ಅದನ್ನು ಮುಂದಿಡಿ. ‘ಸಹಾಯ ಮಾಡಿ’ ಅನ್ನಬೇಡಿ, ಹಾಗೆಂದ ಕೂಡಲೇ ಕೆಲಸ ನಿಮ್ಮದೇ ಎಂದು ಒಪ್ಪಿಕೊಂಡಂತೆ. ‘ರಾತ್ರಿ ಎರಡು ಗಂಟೆಯದು ಯಾರದು?’ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ದೂರ ಇರುವವರು ವಾರಕ್ಕೆರಡು ರಾತ್ರಿ ದಾದಿಯನ್ನಿಡುವ ಖರ್ಚು ಹೊರಲಿ. ನಿದ್ದೆ ಸಿಕ್ಕ ಮೇಲೂ ಅಳು ನಿಲ್ಲದಿದ್ದರೆ ವೈದ್ಯರನ್ನು ಕಾಣಿ.

ಇನ್ನೊಂದು ಮಾತು. ಸಮುದಾಯ ಭಾವಕ್ಕೆ, ಅಂದರೆ ನಾನೂ ಇವರಲ್ಲೊಬ್ಬ ಎನ್ನುವ ಭಾವಕ್ಕೆ, ಬೇಕಾದ ನಾಲ್ಕು ಅಂಶಗಳನ್ನು 1986ರಲ್ಲಿ ಮನೋವಿಜ್ಞಾನಿಗಳಾದ ಮೆಕ್‌ಮಿಲನ್ ಮತ್ತು ಚಾವಿಸ್ ಗುರುತಿಸಿದರು. ತನ್ನ ಮಾತಿಗೆ ಅಲ್ಲಿ ಬೆಲೆಯಿದೆ ಎನಿಸುವುದು ಅದರಲ್ಲೊಂದು. ನಿಮ್ಮಂತೆ ಮಾವನವರಿಗೂ ಅದು ಬೇಕು. ಪಾಳಿ ಹಂಚುವಾಗ ಅವರ ಮಂಚದ ಪಕ್ಕದಲ್ಲೇ ಕೂತು, ಅವರನ್ನೂ ಕೇಳಿ ಹಂಚಿ. ಚಮಚ ಅವರ ಕೈಯಲ್ಲೇ ಇರಲಿ. ಚೆಲ್ಲಿದರೆ ಒರೆಸಲು ಆ ಹೊತ್ತಿನ ಪಾಳಿಯವರಿರುತ್ತಾರೆ.